ಗುದ್ದಿದರೆ ಗಟ್ಟಿ, ಬಿಟ್ಟರೆ ದ್ರವ: ಕಾರ್ನ್‌ಫ್ಲೋರ್‌ ಜತೆ ನೀರಿನ ಹೋಲಿಕೆ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳಕ್ಕೇನೂ ಕೊರತೆಯಿಲ್ಲ. ಆದರೆ ಈ ಪ್ರಯೋಗಕ್ಕೆ ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಆಗಿಬರುವುದಿಲ್ಲ. ಅದರಲ್ಲಿ ನಾರು, ಪ್ರೋಟೀನ್‌, ಎಣ್ಣೆಯಂಶ ಎಲ್ಲವೂ ಸೇರಿರುತ್ತವೆ. ನೀರು ಬಿದ್ದರೆ ಬರೀ ಮುದ್ದೆಯಾಗಿ ಕೂರುತ್ತದೆ. ಬೇಕಾದದ್ದು ಗೋಬಿ ಮಂಚೂರಿಗೆಂದು ಕಿರಾಣಿ ಅಂಗಡಿಯಿಂದ ತರುವ ಕಾರ್ನ್‌ಫ್ಲೋರ್‌, ಅಂದರೆ ಮೆಕ್ಕೆಜೋಳದಿಂದ ಬೇರ್ಪಡಿಸಿದ ಪಿಷ್ಟ. ಅಚ್ಚ ಬಿಳಿ ಇರುತ್ತದೆ, ಬೆರಳಲ್ಲಿ ಹಿಸುಕಿದರೆ ಕಿರುಗುಟ್ಟುತ್ತದೆ.

ಒಂದೇ ಅಳತೆಯ ಎರಡು ಬಟ್ಟಲು ತೆಗೆದುಕೊಳ್ಳಿ. ಒಂದಕ್ಕೆ 200 ಗ್ರಾಂ ಕಾರ್ನ್‌ಫ್ಲೋರ್‌ ಹಾಕಿ, 140 ಮಿ.ಲೀ. ತಣ್ಣೀರು ಸುರಿದು ಕೈಯಿಂದಲೇ ಕಲಸಿ. ಆಮೇಲೆ ಒಂದೊಂದೇ ಚಮಚ ನೀರು ಸೇರಿಸುತ್ತ ಹೋಗಿ. ಸಾಮಾನ್ಯವಾಗಿ 160 ಮಿ.ಲೀ. ಹೊತ್ತಿಗೆ ಹದ ಬರುತ್ತದೆ. ಚಮಚವನ್ನು ನಿಧಾನ ತಿರುವಿದರೆ ಸಲೀಸಾಗಿ ಓಡಬೇಕು, ಜೋರಾಗಿ ತಿರುವಿದರೆ ಸಿಕ್ಕಿಕೊಳ್ಳಬೇಕು. ಆಗ ಮೇಲ್ಮೈಯನ್ನು ಹತ್ತಿರದಿಂದ ನೋಡಿ: ಒತ್ತಿದ ಜಾಗದ ಹೊಳಪು ಹೋಗಿ ಒಣಗಿದಂತೆ ಮಂಕಾಗುತ್ತದೆ, ಕೈ ತೆಗೆದರೆ ಮತ್ತೆ ಹಸಿಯಾಗಿ ಹೊಳೆಯುತ್ತದೆ. ಇದು ಕಂಡರೆ ಹದ ಸರಿಯಿದೆ ಎಂದರ್ಥ. ಇನ್ನೊಂದು ಬಟ್ಟಲಿಗೆ ಅಷ್ಟೇ ಎತ್ತರಕ್ಕೆ ಬರೀ ನೀರು ತುಂಬಿ. ಇದನ್ನು ಬಿಡಬೇಡಿ, ಪಕ್ಕದಲ್ಲಿ ನೀರಿಲ್ಲದಿದ್ದರೆ ಪ್ರಯೋಗ ಬರೀ ಆಟವಾಗುತ್ತದೆ.

ಮೊದಲು ಎರಡರಲ್ಲೂ ಬೆರಳನ್ನು ಮೆಲ್ಲಗೆ ಇಳಿಸಿ, ನಂತರ ಫಕ್ಕನೆ ಚುಚ್ಚಿ. ನೀರು ಎರಡು ಸಲವೂ ದಾರಿ ಬಿಡುತ್ತದೆ; ಕಾರ್ನ್‌ಫ್ಲೋರ್‌ ಎರಡನೇ ಸಲ ಬೆರಳನ್ನು ತಡೆಯುತ್ತದೆ. ಮುಂದೆ ಗೇಣೆತ್ತರದಿಂದ ಗೋಲಿ ಬಿಡಿ. ನೀರಿನಲ್ಲಿ ಚಿಮ್ಮಿ ತಳ ಮುಟ್ಟುತ್ತದೆ, ಇಲ್ಲಿ ಚಿಮ್ಮದೆ ನಿಂತು ಆಮೇಲೆ ನಿಧಾನ ಮುಳುಗುತ್ತದೆ. ಕೊನೆಗೆ ಒಂದು ಹಿಡಿ ತೆಗೆದು ಅಂಗೈಗಳ ನಡುವೆ ಬಿಡದೆ ಉರುಳಿಸಿ. ಉಂಡೆ ಕಟ್ಟುತ್ತದೆ. ಉರುಳಿಸುವುದು ನಿಲ್ಲಿಸಿದಿರೋ, ಬೆರಳ ಸಂದಿಯಿಂದ ಸೋರಿಹೋಗುತ್ತದೆ.

ಕಾರಣ ಹೀಗಿದೆ. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗುವುದಿಲ್ಲ, ಒತ್ತೊತ್ತಾಗಿ ತೇಲಾಡುತ್ತಿರುತ್ತವೆ. ನಿಧಾನ ತಳ್ಳಿದರೆ ನಡುವಿನ ತೆಳು ನೀರಿನ ಮೇಲೆ ಒಂದನ್ನೊಂದು ದಾಟಿ ಜಾರುತ್ತವೆ. ರಭಸವಾಗಿ ಒತ್ತಿದರೆ ಆ ನೀರಿನ ಪದರ ಹಿಂಡಿಹೋಗಿ ಕಣಕ್ಕೆ ಕಣ ತಾಗುತ್ತದೆ, ಘರ್ಷಣೆಯಲ್ಲಿ ಸಿಕ್ಕಿಬೀಳುತ್ತವೆ. ದೋಸೆ ಹಿಟ್ಟು ಇದಕ್ಕೆ ತದ್ವಿರುದ್ಧ, ತಿರುವಿದಷ್ಟೂ ಸಡಿಲವಾಗುತ್ತದೆ.

ಎಡವುವುದು ಹೆಚ್ಚಾಗಿ ನೀರಿನಲ್ಲೇ. ಬಿಸಿನೀರು ಹಾಕಿದರೆ ಕೆಲಸ ಕೆಟ್ಟಿತು. ಸುಮಾರು 65 ಡಿಗ್ರಿ ದಾಟಿದರೆ ಕಣಗಳು ಉಬ್ಬಿ ಒಡೆದು ಗಂಜಿಯಾಗುತ್ತದೆ, ಅದನ್ನು ಸರಿಪಡಿಸಲಾಗದು. ನೀರು ಹೆಚ್ಚಾದರೆ ಮಾತ್ರ ಚೆಲ್ಲಬೇಡಿ: ಅರ್ಧ ಗಂಟೆ ಅಲುಗಿಸದೆ ಇಟ್ಟು ಮೇಲೆ ನಿಂತ ತಿಳಿನೀರನ್ನು ಬಸಿದರೆ ಸಾಕು. ಏಪ್ರಿಲ್‌ ಬಿಸಿಲಿಗೆ ತೇವ ಬೇಗ ಆರುವುದರಿಂದ ನಡುನಡುವೆ ಒಂದು ಚಮಚ ನೀರು ಬೇಕಾದೀತು. ಸ್ವಲ್ಪ ಹೊತ್ತು ಬಿಟ್ಟರೆ ತಳಕ್ಕೆ ಗಚ್ಚಿನಂತೆ ಕೂರುತ್ತದೆ, ಬೆರಳಿನಿಂದ ಮೆಲ್ಲಗೆ ಎಬ್ಬಿಸಿ ಮತ್ತೆ ಕಲಸಿ.

ಮುಗಿದ ಮೇಲೆ ಸಿಂಕಿಗೆ ಸುರಿಯಲೇಬೇಡಿ, ಪೈಪಿನ ಬಾಗಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಪುಡಿಮಾಡಿ ತಿಪ್ಪೆಗೆ ಹಾಕಿ.