ನಿಮ್ಮೂರ ಕ್ಲಬ್ಬಿಗೆ ಹೊಸ ಸ್ಟೇಡಿಯಂ ಬೇಕೆ? ಕೌನ್ಸಿಲ್ಲಿಗೆ ಹೀಗೆ ಬರೆಯಿರಿ

ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಪಂದ್ಯ ನೋಡಿದವರಿಗೆ ಗೊತ್ತು, ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಬಂದರೆ ಆಟ ಎಷ್ಟು ದೂರ ಸರಿದುಬಿಡುತ್ತದೆ ಅಂತ. ಆಚೆ ಬದಿಯ ಗೋಲಿನಲ್ಲಿ ಚೆಂಡು ಬಲೆಗೆ ಬಿತ್ತೋ, ಪಕ್ಕಕ್ಕೆ ಹೋಯಿತೋ ಎಂಬುದು ಎಷ್ಟೋ ಸಲ ಅಲ್ಲಿ ಕೂತವರು ಎದ್ದು ಕುಣಿದಾಗಲೇ ತಿಳಿಯುವುದು. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ಊರಿನ ಅಭಿಮಾನಿಗಳು ವಿದ್‌ಡೀನ್ ಎಂಬ ಅಥ್ಲೆಟಿಕ್ಸ್ ಮೈದಾನದಲ್ಲಿ, ಇಂಥದ್ದೇ ಟ್ರ್ಯಾಕಿನಾಚೆ, ಹೆಚ್ಚಿನ ಸೀಟುಗಳಿಗೆ ಸೂರೇ ಇಲ್ಲದ ಕಡೆ, 1999ರಿಂದ 2011ರವರೆಗೆ ಮಳೆಯಲ್ಲಿ ನೆನೆಯುತ್ತ ಕೂತಿದ್ದರು. ಅದಕ್ಕೂ ಮೊದಲು ಎರಡು ವರ್ಷ ಅವರ ತವರು ಪಂದ್ಯಗಳು ನಡೆದದ್ದು ಸುಮಾರು 70 ಮೈಲಿ ದೂರದ ಜಿಲ್ಲಿಂಗ್‌ಹ್ಯಾಮ್‌ನಲ್ಲಿ. 1902ರಿಂದ ಆಡುತ್ತಿದ್ದ ಗೋಲ್ಡ್‌ಸ್ಟೋನ್ ಮೈದಾನವನ್ನು ಕ್ಲಬ್ಬಿನ ಆಡಳಿತವೇ ಮಾರಿಬಿಟ್ಟಿತ್ತು; ಅಲ್ಲಿ ಈಗ ಅಂಗಡಿಗಳಿವೆ.

ಇಂದು ಅದೇ ಬ್ರೈಟನ್ನಿಗೆ ಊರಂಚಿನ ಫಾಲ್ಮರ್‌ನಲ್ಲಿ ಸ್ವಂತ ಸ್ಟೇಡಿಯಂ ಇದೆ. ಅದು ಬಂದದ್ದು ಕ್ಲಬ್ಬಿನ ಹಣದಿಂದ ಮಾತ್ರ ಅಲ್ಲ, ಊರಿನ ಜನ ವರ್ಷಗಟ್ಟಲೆ ಪಟ್ಟು ಬಿಡದೆ ಬರೆದು, ಸಹಿ ಹಾಕಿಸಿ, ಸಭೆಗಳಲ್ಲಿ ಕೂತು ದಕ್ಕಿಸಿಕೊಂಡದ್ದರಿಂದ. ಇಂಗ್ಲೆಂಡಿನ ಊರೂರುಗಳಲ್ಲಿ ಈಗ ಕನ್ನಡದ ಮನೆಗಳಿವೆ. ಮಕ್ಕಳು ಆ ಊರಿನ ಕ್ಲಬ್ಬಿನ ಅಂಗಿ ತೊಟ್ಟೇ ಬೆಳೆಯುತ್ತಿದ್ದಾರೆ. ಕ್ಲಬ್ಬು ಹೊಸ ಸ್ಟೇಡಿಯಂ ಕಟ್ಟಲು ಹೊರಟಾಗ ನಾವು ಮಾಡಬಹುದಾದ ಕೆಲಸ ಬಹಳ ಇದೆ. ಆದರೆ ಕ್ರಮ ಗೊತ್ತಿಲ್ಲದೆ ಹೆಚ್ಚಿನವರು ಫೇಸ್‌ಬುಕ್ಕಿನಲ್ಲಿ ಒಂದು ಲೈಕ್ ಒತ್ತಿ ಸುಮ್ಮನಾಗುತ್ತಾರೆ. ಆ ಲೈಕು ಕೌನ್ಸಿಲ್ಲಿನ, ಅಂದರೆ ಅನುಮತಿ ಕೊಡುವ ಸ್ಥಳೀಯ ಆಡಳಿತದ, ಫೈಲಿಗೆ ಸೇರುವುದಿಲ್ಲ.

ಮೊದಲ ಪ್ರಶ್ನೆ: ನಾವು ಬರೆಯಬಹುದೆ?

ಖಂಡಿತ ಬರೆಯಬಹುದು. ಪ್ಲಾನಿಂಗ್ ಅರ್ಜಿಯ, ಅಂದರೆ ಕಟ್ಟಲು ಅನುಮತಿ ಕೇಳುವ ಅರ್ಜಿಯ, ಬಗ್ಗೆ ಅಭಿಪ್ರಾಯ ಹೇಳಲು ಬ್ರಿಟಿಷ್ ಪೌರತ್ವ ಬೇಕಿಲ್ಲ, ಸ್ವಂತ ಮನೆಯೂ ಬೇಕಿಲ್ಲ. ಬಾಡಿಗೆಗಿದ್ದವರು, ಕೆಲಸದ ವೀಸಾದಲ್ಲಿ ಬಂದವರು, ಓದಲು ಬಂದವರು, ಎಲ್ಲರ ಪತ್ರವನ್ನೂ ಕೌನ್ಸಿಲ್ ಓದಲೇಬೇಕು. ಇನ್ನೊಂದು ಸಂಗತಿ ನಮ್ಮವರಲ್ಲಿ ಅನೇಕರಿಗೆ ತಿಳಿದೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ, ಸಕ್ರಮವಾಗಿ ಅಲ್ಲಿ ನೆಲೆಸಿರುವ ವಯಸ್ಕರು ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಅಂದರೆ ನೀವು ಕೌನ್ಸಿಲರ್ ಮುಂದೆ ನಿಂತಾಗ ಅತಿಥಿಯಲ್ಲ, ಅವರ ಮತದಾರರು. ಹೆಸರು ಇನ್ನೂ ಮತಪಟ್ಟಿಗೆ ಸೇರಿಸಿಲ್ಲವಾದರೆ ಇವತ್ತೇ ಸೇರಿಸಿ.

ಅರ್ಜಿ ಹುಡುಕಿ, ಓದಿ

ಸ್ಟೇಡಿಯಂಗೆ ಅನುಮತಿ ಕೊಡುವುದು ಆ ಜಾಗ ಯಾವ ಕೌನ್ಸಿಲ್ಲಿನ ವ್ಯಾಪ್ತಿಗೆ ಬರುತ್ತದೋ ಆ ಕೌನ್ಸಿಲ್. ಅದು ನಿಮ್ಮ ಕೌನ್ಸಿಲ್ಲೇ ಆಗಿರಬೇಕೆಂದಿಲ್ಲ. ಫಾಲ್ಮರ್ ಜಾಗದ ಬಹುಪಾಲು ಬ್ರೈಟನ್ ಕೌನ್ಸಿಲ್ಲಿನದು, ಅಂಚಿನ ಒಂದು ಚೂರು ಪಕ್ಕದ ಲೂಯಿಸ್ ಜಿಲ್ಲೆಯದು. ಆ ಚೂರಿನಿಂದ ಎಷ್ಟು ದೊಡ್ಡ ರಾದ್ಧಾಂತವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಕೌನ್ಸಿಲ್ಲಿನ ವೆಬ್‌ಸೈಟಿನ ಪ್ಲಾನಿಂಗ್ ವಿಭಾಗದಲ್ಲಿ ಪ್ರತಿ ಅರ್ಜಿಗೂ ಒಂದು ನಂಬರ್ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಎಲ್ಲ ಪತ್ರದಲ್ಲೂ ಅದೇ ಮೊದಲ ಸಾಲು. ಅಭಿಪ್ರಾಯ ಕಳಿಸಲು ಕನಿಷ್ಠ 21 ದಿನ ಕೊಡುತ್ತಾರೆ. ಪರಿಸರ ಪರಿಣಾಮ ವರದಿ ಲಗತ್ತಿಸಿದ ದೊಡ್ಡ ಅರ್ಜಿಗಳಿಗೆ 30 ದಿನ. ಗಡುವು ದಾಟಿದರೂ ತೀರ್ಮಾನವಾಗುವವರೆಗೆ ಬಂದ ಪತ್ರಗಳನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ.

ಅರ್ಜಿಯ ಜೊತೆ ನೂರಾರು ಪುಟಗಳ ದಾಖಲೆ ಇರುತ್ತದೆ. ಎಲ್ಲ ಓದಬೇಕಿಲ್ಲ. ಎರಡನ್ನು ಮಾತ್ರ ಬಿಡಬೇಡಿ: ಒಟ್ಟು ಯೋಜನೆಯನ್ನು ವಿವರಿಸುವ ಪ್ಲಾನಿಂಗ್ ಸ್ಟೇಟ್‌ಮೆಂಟ್ ಮತ್ತು ಸಂಚಾರದ ವರದಿ. ಸ್ಟೇಡಿಯಂ ಜಗಳ ಹೆಚ್ಚಾಗಿ ಹತ್ತಿಕೊಳ್ಳುವುದೇ ಕಾರು, ಬಸ್ಸು, ಪಾರ್ಕಿಂಗಿನ ವಿಷಯಕ್ಕೆ.

ಪತ್ರ: ಇಲ್ಲೇ ಹೆಚ್ಚು ಹೊತ್ತು ಕೂರಿ

ಅಭಿಮಾನಿಗಳು ಎಡವುವುದು ಇಲ್ಲೇ. ಇಂಥ ಪತ್ರವೊಂದನ್ನು ನೋಡಿ:

‘ನಾನು ಈ ಕ್ಲಬ್ಬಿನ ಕಟ್ಟಾ ಅಭಿಮಾನಿ. ನಮ್ಮ ತಂಡ ಪ್ರೀಮಿಯರ್ ಲೀಗಿಗೆ ಏರಬೇಕು. ದಯವಿಟ್ಟು ಸ್ಟೇಡಿಯಂಗೆ ಒಪ್ಪಿಗೆ ಕೊಡಿ.’

ಮನಸ್ಸಿನಿಂದ ಬಂದ ಮಾತು, ಸಂದೇಹವಿಲ್ಲ. ಆದರೆ ವರದಿ ಬರೆಯುವ ಪ್ಲಾನಿಂಗ್ ಆಫೀಸರ್‌ಗೆ ಇದರಲ್ಲಿ ಎತ್ತಿಕೊಳ್ಳಲು ಒಂದು ಸಾಲೂ ಸಿಗುವುದಿಲ್ಲ. ತಂಡ ಯಾವ ಲೀಗಿನಲ್ಲಿದೆ ಎಂಬುದು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಅಕ್ಕಪಕ್ಕದ ಮನೆಗಳ ಬೆಲೆ ಏರುತ್ತದೆ, ಇಳಿಯುತ್ತದೆ ಎಂಬುದೂ ಬರುವುದಿಲ್ಲ. ಲೆಕ್ಕಕ್ಕೆ ಬರುವುದು ಸಂಚಾರ, ಶಬ್ದ, ಬೆಳಕು, ಕಟ್ಟಡದ ವಿನ್ಯಾಸ, ಉದ್ಯೋಗ, ಜನರ ಆರೋಗ್ಯ, ಊರಿಗೆ ಸಿಗುವ ಸೌಲಭ್ಯ, ಹಸಿರು ಮತ್ತು ಪರಂಪರೆಯ ಮೇಲಿನ ಪರಿಣಾಮ, ಕೌನ್ಸಿಲ್ಲಿನ ಸ್ಥಳೀಯ ಯೋಜನೆಗೆ ಅದು ಹೊಂದುತ್ತದೆಯೇ ಎಂಬುದು.

ಈಗ ಇನ್ನೊಂದು ಪತ್ರ:

‘ನಾನು ಉದ್ದೇಶಿತ ಸ್ಟೇಡಿಯಂನಿಂದ 800 ಮೀಟರ್ ದೂರದಲ್ಲಿ ವಾಸವಾಗಿದ್ದೇನೆ, ಅರ್ಜಿಯನ್ನು ಬೆಂಬಲಿಸುತ್ತೇನೆ. ಈಗಿನ ಮೈದಾನಕ್ಕೆ ರೈಲು ನಿಲ್ದಾಣದಿಂದ 40 ನಿಮಿಷ ನಡೆಯಬೇಕು, ಹಾಗಾಗಿ ಕಾರಿನಲ್ಲೇ ಹೋಗುತ್ತೇವೆ. ಹೊಸ ಜಾಗ ನಿಲ್ದಾಣದ ಪಕ್ಕದಲ್ಲಿದೆ. ದೂರದವರು ರೈಲಿನಲ್ಲಿ ಬರಬಹುದು, ನಾವು ನಾಲ್ವರೂ ಕಾರು ಬಿಟ್ಟು ಹೋಗುತ್ತೇವೆ. ನನ್ನ ಮಾವ ಗಾಲಿಕುರ್ಚಿಯಲ್ಲಿ ಬರುತ್ತಾರೆ. ಈಗ ಗಾಲಿಕುರ್ಚಿಯವರಿಗೆ ಕೊಟ್ಟಿರುವುದು ಮುಂದಿನ ಸಾಲು, ಮಳೆ ನೇರ ಮುಖಕ್ಕೆ ಬಡಿಯುತ್ತದೆ. ಕಳೆದ ನವೆಂಬರಿನಲ್ಲಿ ಅರ್ಧಕ್ಕೇ ಎದ್ದು ಬಂದೆವು. ಹೊಸ ನಕ್ಷೆಯಲ್ಲಿ ಆ ಜಾಗ ಸೂರಿನಡಿ ಇದೆ, ಪಕ್ಕದಲ್ಲೇ ಲಿಫ್ಟ್ ಇದೆ. ಪಂದ್ಯದ ದಿನ ನಮ್ಮ ಬೀದಿಯಲ್ಲಿ ನಿವಾಸಿಗಳಿಗಷ್ಟೇ ಪಾರ್ಕಿಂಗ್ ಎಂಬ ಷರತ್ತು ಹಾಕಬೇಕೆಂದು ಕೋರುತ್ತೇನೆ.’

ಇದರಲ್ಲಿ ಕ್ಲಬ್ಬಿನ ಮೇಲಿನ ಪ್ರೀತಿಯ ಒಂದು ಶಬ್ದವೂ ಇಲ್ಲ. ಆದರೆ ಪ್ರತಿ ವಾಕ್ಯವೂ ಆಫೀಸರ್ ವರದಿಯ ಯಾವುದೋ ಒಂದು ತಲೆಬರಹದ ಅಡಿ ಹೋಗಿ ಕೂರುತ್ತದೆ. ಮಾವನ ಗಾಲಿಕುರ್ಚಿಯ ಸಂಗತಿ ಯಾವ ಸಲಹೆಗಾರರ ವರದಿಯಲ್ಲೂ ಸಿಗದು, ಅದು ನೀವೊಬ್ಬರೇ ಕೊಡಬಲ್ಲ ಸಾಕ್ಷ್ಯ. ಕೊನೆಯ ಸಾಲನ್ನೂ ಗಮನಿಸಿ. ತೊಂದರೆ ಇದೆ ಎಂದು ಒಪ್ಪಿಕೊಂಡು ಪರಿಹಾರ ಕೇಳುವ ಬೆಂಬಲಿಗನ ಮಾತಿಗೆ ತೂಕ ಹೆಚ್ಚು.

ಕ್ಲಬ್ಬು ಹಂಚುವ ಸಿದ್ಧ ಪತ್ರಕ್ಕೆ ಸಹಿ ಹಾಕಿ ಕಳಿಸುವುದು ಸುಲಭ, ಆದರೆ ಒಂದೇ ಪತ್ರದ ಸಾವಿರ ಪ್ರತಿ ಬಂದರೂ ಅದು ಹೇಳುವ ಕಾರಣ ಒಂದೇ. ಅದನ್ನು ಎದುರಿಗಿಟ್ಟುಕೊಂಡು ನಿಮ್ಮ ಮಾತಿನಲ್ಲಿ ಬರೆಯಿರಿ. ಬೇಕಿದ್ದರೆ ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ, ನಿಜವಾದ ಕಾರಣಗಳು ಆಗಲೇ ಹೊರಗೆ ಬರುವುದು, ಇಂಗ್ಲಿಷ್ ದೊಡ್ಡದಾಗಿರಬೇಕಿಲ್ಲ. ಮನೆಯಲ್ಲಿ ನಾಲ್ವರು ವಯಸ್ಕರಿದ್ದರೆ ನಾಲ್ಕು ಪತ್ರ ಹೋಗಲಿ. ಹೆಸರು, ವಿಳಾಸ ಇರಲೇಬೇಕು. ಪತ್ರ ಸಾರ್ವಜನಿಕ ದಾಖಲೆಯಾಗಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಆದ್ದರಿಂದ ಫೋನ್ ನಂಬರನ್ನು ಒಳಗೆ ಬರೆಯಬೇಡಿ. ವಿರೋಧಿಸುವ ನೆರೆಯವರ ಬಗ್ಗೆ ಕಟು ಮಾತು ಬೇಡವೇ ಬೇಡ. ಅವರು ಹೇಳುವ ಟ್ರಾಫಿಕ್ಕೂ ಫ್ಲಡ್‌ಲೈಟೂ ನಿಜವಾದ ಕಷ್ಟಗಳೇ, ನಾಳೆ ಅದೇ ಬೀದಿಯಲ್ಲಿ ಒಟ್ಟಿಗೆ ಬಾಳಬೇಕು.

ಕೌನ್ಸಿಲರ್ ಮತ್ತು ಕಮಿಟಿ

ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಪ್ರತ್ಯೇಕ ಇಮೇಲ್ ಹಾಕಿ. ಅವರು ಪ್ಲಾನಿಂಗ್ ಕಮಿಟಿಯ ಸದಸ್ಯರಾಗಿದ್ದರೆ ಸಭೆಗೆ ಮುಂಚೆಯೇ ‘ನನ್ನ ಮತ ನಿಮಗೆ’ ಎಂದು ಮಾತು ಕೊಡುವಂತಿಲ್ಲ, ಕೊಟ್ಟರೆ ಇಡೀ ತೀರ್ಮಾನವೇ ಕೋರ್ಟಿನಲ್ಲಿ ಬೀಳಬಹುದು. ಹಾಗಾಗಿ ಒತ್ತಾಯಿಸಬೇಡಿ. ನಿಮ್ಮ ಕಾರಣ ಹೇಳಿ, ಬಿಡಿ.

ಇಷ್ಟು ದೊಡ್ಡ ಅರ್ಜಿ ಕಮಿಟಿಯ ಮುಂದೆ ಬಹಿರಂಗ ಸಭೆಯಲ್ಲೇ ಬರುತ್ತದೆ. ಕಾನೂನಿನ ಗುರಿ 13 ವಾರ, ಪರಿಸರ ವರದಿ ಇದ್ದರೆ 16; ಸ್ಟೇಡಿಯಂಗಳು ಅದನ್ನು ಮೀರುವುದೇ ಹೆಚ್ಚು. ಮಾತಾಡಲು ಮೊದಲೇ ಹೆಸರು ಕೊಡಬೇಕು. ಸಿಗುವುದು ಹೆಚ್ಚಿನ ಕಡೆ 3 ನಿಮಿಷ, ಎಷ್ಟೋ ಊರುಗಳಲ್ಲಿ ಬೆಂಬಲಿಗರೆಲ್ಲ ಸೇರಿ ಆ 3 ನಿಮಿಷ. ಜಗಳವಾಡದೆ ಒಬ್ಬರನ್ನು ಆರಿಸಿ. ನನ್ನನ್ನು ಕೇಳಿದರೆ ಕ್ಲಬ್ಬಿನ ದೊಡ್ಡ ಹೆಸರಿನ ಆಟಗಾರನಿಗಿಂತ ಪಕ್ಕದ ಬೀದಿಯ ಶಾಲಾ ಶಿಕ್ಷಕಿ ಮಾತಾಡುವುದು ಒಳ್ಳೆಯದು. ಉಳಿದವರು ಕುರ್ಚಿ ತುಂಬಿಸಿ. ಘೋಷಣೆ ಬೇಡ, ಇದ್ದರೆ ಸಾಕು.

‘ಒಪ್ಪಿಗೆ’ ಎಂದ ಮೇಲೆ

ಸಿಹಿ ಹಂಚಿ, ಆದರೆ ಫೈಲು ಮುಚ್ಚಬೇಡಿ. ಕೇಂದ್ರ ಸರ್ಕಾರದ ಸಚಿವರು ಅರ್ಜಿಯನ್ನು ತಮ್ಮ ಬಳಿಗೆ ಕರೆಸಿಕೊಳ್ಳಬಹುದು, ಲಂಡನ್ನಿನಲ್ಲಿ ಮೇಯರ್‌ಗೂ ಆ ಅಧಿಕಾರ ಇದೆ. ಬ್ರೈಟನ್ ಕೌನ್ಸಿಲ್ 2002ರಲ್ಲಿ ಒಪ್ಪಿದರೂ ಸರ್ಕಾರ ಸಾರ್ವಜನಿಕ ವಿಚಾರಣೆ ಇಟ್ಟಿತು. ಅದು ಮುಗಿದ ಮೇಲೆ ಬೇರೆ ಜಾಗಗಳ ಬಗ್ಗೆ ಇನ್ನೊಂದು. 2005ರ ಅಕ್ಟೋಬರಿನಲ್ಲಿ ಸಚಿವ ಜಾನ್ ಪ್ರೆಸ್ಕಾಟ್ ಒಪ್ಪಿಗೆ ಕೊಟ್ಟರು. ಆದರೆ ಆ ಪತ್ರದಲ್ಲಿ ಊರಿನ ಕಟ್ಟಡ ಪ್ರದೇಶದ ಗಡಿಯ ಬಗ್ಗೆ ಒಂದು ತಪ್ಪು ನುಸುಳಿತ್ತು. ಅಂಚಿನ ಚೂರು ಯಾರ ವ್ಯಾಪ್ತಿಯಲ್ಲಿತ್ತೋ ಆ ಲೂಯಿಸ್ ಕೌನ್ಸಿಲ್ಲಿನವರು ಕೋರ್ಟಿಗೆ ಹೋದರು, ಒಪ್ಪಿಗೆ ರದ್ದಾಯಿತು. ಮತ್ತೆ ಒಪ್ಪಿಗೆ ಸಿಕ್ಕಿದ್ದು 2007ರ ಜುಲೈನಲ್ಲಿ, ಹೇಝಲ್ ಬ್ಲಿಯರ್ಸ್ ಸಚಿವೆಯಾಗಿದ್ದಾಗ. ಒಂದು ತಪ್ಪು ಸಾಲು ಅಷ್ಟು ಕಾಲ ತಿಂದಿತು. ನಿಮ್ಮ ಪತ್ರದಲ್ಲೂ ದೂರ, ನಿಮಿಷ, ಸೀಟುಗಳ ಸಂಖ್ಯೆಯನ್ನು ಎರಡೆರಡು ಸಲ ನೋಡಿ ಬರೆಯಿರಿ.

ಲಂಡನ್ನಿನ ಎಎಫ್‌ಸಿ ವಿಂಬಲ್ಡನ್ ಕಥೆಯೂ ಹೀಗೆಯೇ. ಹಳೆಯ ಕ್ಲಬ್ಬು 1991ರಲ್ಲಿ ಪ್ಲೌ ಲೇನ್ ಮೈದಾನ ಬಿಟ್ಟಿತು. 2002ರಲ್ಲಿ ಅದನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು ಅನುಮತಿ ಸಿಕ್ಕಾಗ ಅಭಿಮಾನಿಗಳೇ ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ ಕಟ್ಟಿ, ಒಂಬತ್ತನೇ ದರ್ಜೆಯಿಂದ ಮೇಲೆ ಬಂದರು. ಹಳೆಯ ಮೈದಾನದ ಹತ್ತಿರದಲ್ಲೇ ಇದ್ದ ನಾಯಿ ರೇಸಿನ ಜಾಗದಲ್ಲಿ ಸ್ಟೇಡಿಯಂ ಮತ್ತು ಸುಮಾರು 600 ಮನೆಗಳಿಗೆ ಮರ್ಟನ್ ಕೌನ್ಸಿಲ್ 2015ರ ಡಿಸೆಂಬರಿನಲ್ಲಿ ಒಮ್ಮತದಿಂದ ಒಪ್ಪಿತು. ನೆರೆಯ ವಾಂಡ್ಸ್‌ವರ್ತ್ ಕೌನ್ಸಿಲ್ ಆಕ್ಷೇಪಿಸಿತು, ಮೇಯರ್ ಬೋರಿಸ್ ಜಾನ್ಸನ್ ಅರ್ಜಿಯನ್ನು ಕರೆಸಿಕೊಂಡರು, ಮುಂದೆ ಮೇಯರ್ ಆದ ಸಾದಿಕ್ ಖಾನ್ ಮರ್ಟನ್ನಿಗೇ ಹಿಂತಿರುಗಿಸಿದರು. ರಸ್ತೆ, ಬಸ್ಸು, ಸಮುದಾಯದ ಸೌಲಭ್ಯಕ್ಕೆ ಯಾರು ಎಷ್ಟು ಕೊಡಬೇಕೆಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು 2017ರ ಡಿಸೆಂಬರಿನಲ್ಲಿ. ಈ ಒಪ್ಪಂದದ ಕಡೆ ನೀವೂ ಕಣ್ಣಿಡಿ, ಕ್ಲಬ್ಬು ಊರಿಗೆ ಕೊಟ್ಟ ಮಾತು ಕಾಗದಕ್ಕಿಳಿಯುವುದು ಅಲ್ಲೇ.

ಆಮೇಲೂ ದುಡ್ಡು ಸಾಲದೆ ಬಂದಾಗ 2020ರ ಆರಂಭದಲ್ಲಿ ವಿಂಬಲ್ಡನ್ ಅಭಿಮಾನಿಗಳು ಬಾಂಡ್ ಹೊರಡಿಸಿ 50 ಲಕ್ಷ ಪೌಂಡಿಗೂ ಹೆಚ್ಚು ಕೂಡಿಸಿದರು. ಬಾಂಡ್ ಎಂದರೆ ಸಾಲ, ದೇಣಿಗೆಯಲ್ಲ. ನಿಮ್ಮ ಕ್ಲಬ್ಬು ಅಂಥದ್ದು ತಂದರೆ ಬಡ್ಡಿ, ಅವಧಿ, ಕ್ಲಬ್ಬು ಮುಳುಗಿದರೆ ಏನು ಎಂಬುದನ್ನು ಓದಿ, ಕಳೆದುಕೊಂಡರೂ ಮನೆ ನಡೆಯುವಷ್ಟನ್ನೇ ಹಾಕಿ.

ಗೋಲ್ಡ್‌ಸ್ಟೋನಿನಲ್ಲಿ 1997ರಲ್ಲಿ ಬ್ರೈಟನ್ ಆಡಿದ ಕೊನೆಯ ಪಂದ್ಯ ಡಾನ್‌ಕ್ಯಾಸ್ಟರ್ ರೋವರ್ಸ್ ಎದುರು. 2011ರ ಆಗಸ್ಟ್ 6ರಂದು ಫಾಲ್ಮರ್‌ನ ಮೊದಲ ಲೀಗ್ ಪಂದ್ಯಕ್ಕೆ ಬಂದದ್ದೂ ಅದೇ ಡಾನ್‌ಕ್ಯಾಸ್ಟರ್. 2020ರ ನವೆಂಬರ್ 3ರಂದು ವಿಂಬಲ್ಡನ್ನಿನ ಹೊಸ ಸ್ಟೇಡಿಯಂ (ಅದಕ್ಕೂ ಪ್ಲೌ ಲೇನ್ ಎಂದೇ ಹೆಸರು) ತೆರೆದಾಗ ಎದುರಾಳಿ ಮತ್ತೆ ಡಾನ್‌ಕ್ಯಾಸ್ಟರ್, 2–2. ಕೋವಿಡ್‌ನಿಂದಾಗಿ ಆ ರಾತ್ರಿ ಗ್ಯಾಲರಿ ಪೂರ್ತಿ ಖಾಲಿ. 29 ವರ್ಷ ಕಾದವರು ಮನೆಯ ಪರದೆಯ ಮುಂದೆ ಕೂತು, ತಾವೇ ಕಟ್ಟಿಸಿದ ಸ್ಟೇಡಿಯಂನ ದೀಪ ಹತ್ತುವುದನ್ನು ನೋಡಿದರು.