ಕೂಲರ್ ಹಚ್ಚಿದಾಗ ಎದುರು ಕಿಟಕಿ ಮುಚ್ಚಬೇಡಿ

ಬೇಸಿಗೆ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲಿನ ಬಿಸಿಲು ಅಂಥದ್ದು. ಮನೆಗೂ ಹಾಗೇ ಒಂದು ಹೊತ್ತುಗೊತ್ತು ಬೇಕು. ಬೆಳಿಗ್ಗೆ 9ರೊಳಗೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಗಾಳಿ ಬರಲಿ ಅಂತ ಮಧ್ಯಾಹ್ನ ತೆರೆದರೆ ಒಳಗೆ ನುಗ್ಗುವುದು ಬರೀ ಝಳ. ಹೊತ್ತು ಮುಳುಗಿ ಹೊರಗೆ ತಂಪಾದ ಮೇಲೆ ಎಲ್ಲಾ ತೆರೆಯಿರಿ. ರಾತ್ರಿ ಗೋಡೆ ಆರಿದಷ್ಟೂ ಮರುದಿನ ಕೋಣೆ ತಡವಾಗಿ ಕಾಯುತ್ತದೆ. ಜಾಲರಿ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ.

ಹಳೇ ಮಾಳಿಗೆ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು, ನಡುವೆ ಬೆಳಕಿಂಡಿ ಇರುತ್ತಿದ್ದವು. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೋಗುತ್ತಿತ್ತು. ಈಗಿನ ಸ್ಲ್ಯಾಬ್ ಮನೆಯಲ್ಲಿ ಆ ಕೆಲಸವನ್ನು ಮೆಟ್ಟಿಲು ಮಾಡಬಲ್ಲದು. ರಾತ್ರಿ ಮೆಟ್ಟಿಲ ಮೇಲಿನ ಬಾಗಿಲು ತೆರೆದು, ಕೆಳಗೆ ನೆರಳಿನ ಕಡೆಯ ಒಂದು ಕಿಟಕಿ ತೆರೆದಿಡಿ. ಸ್ವಲ್ಪ ಹೊತ್ತಿಗೆ ಗಾಳಿ ಎಳೆಯುವುದು ಗೊತ್ತಾಗುತ್ತದೆ. ಬಾಗಿಲಿಗೆ ಕಂಬಿಯ ಗೇಟು ಇದ್ದರೆ ಕಳ್ಳರ ಭಯವೂ ಇಲ್ಲ.

ಇನ್ನು ಕೂಲರ್. ನಮ್ಮದು ಒಣ ಬಿಸಿಲು, ಅದಕ್ಕೇ ಇಲ್ಲಿ ಕೂಲರ್ ಚೆನ್ನಾಗಿ ನಡೆಯುತ್ತದೆ. ನೀರು ಆವಿಯಾಗುತ್ತಾ ಗಾಳಿಯ ಕಾವನ್ನು ಹೀರುತ್ತದೆ. ಆದರೆ ತುಂಬಾ ಜನ ಎಸಿ ಹಾಗೆ ಕೋಣೆ ಬಂದ್ ಮಾಡಿ ಹಚ್ಚುತ್ತಾರೆ. ಆಗ ಒಳಗಿನ ತೇವ ಹೊರಗೆ ಹೋಗದೆ ಮೈ ಅಂಟಂಟಾಗುತ್ತದೆ, ಅಲ್ವಾ? ಕೂಲರ್ ಬೆನ್ನು ಕಿಟಕಿಯ ಹೊರಗಿರಬೇಕು, ನೆರಳಲ್ಲಿರಬೇಕು. ಹಗಲಲ್ಲೂ ಆ ಕೋಣೆಯ ಎದುರು ಕಿಟಕಿ ಮಾತ್ರ ತೆರೆದಿರಬೇಕು. ಅಲ್ಲಿ ಸೆರಗು ಹಿಡಿದು ನೋಡಿ, ಹೊರಕ್ಕೆ ಹಾರಿದರೆ ಸರಿ. ಬೋರ್ ನೀರಿನ ಉಪ್ಪು ಪ್ಯಾಡಿನ ಹುಲ್ಲಿಗೆ ಕಟ್ಟಿಕೊಂಡರೆ ಗಾಳಿಯೇ ಬರುವುದಿಲ್ಲ, ಹುಲ್ಲು ಬದಲಿಸಿ. ವಾರಕ್ಕೊಮ್ಮೆ ಟ್ಯಾಂಕಿನ ನೀರು ಚೆಲ್ಲಿ ಗೋಡೆ ತಿಕ್ಕಲೇಬೇಕು. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಆ ಗೋಡೆಗೇ ಅಂಟಿರುತ್ತದೆ, ನೀರು ಚೆಲ್ಲಿದರಷ್ಟೇ ಸಾಲದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೀರಿನ ಪಂಪ್ ಬಂದ್ ಮಾಡಿ, ಬರೀ ಫ್ಯಾನ್ ಸಾಕು.

ರಾತ್ರಿ ಫ್ಯಾನ್ ಬಿಸಿ ಗಾಳಿ ಉಗುಳುತ್ತಿದ್ದರೆ ತಪ್ಪು ಫ್ಯಾನಿನದಲ್ಲ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ರಾತ್ರಿ ಅದನ್ನು ಒಳಗೆ ಬಿಡುತ್ತದೆ. ಮಾರ್ಚ್ ಹೊತ್ತಿಗೇ ಮಾಳಿಗೆ ಗುಡಿಸಿ, ನೀರು ಚಿಮುಕಿಸಿ, ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ ಎರಡು ಸಲ ಬಳಿಯಿರಿ. ಧೂಳು ಕೂತರೆ ಬಿಳುಪು ಹೋಗುತ್ತದೆ, ಆಗಾಗ ಗುಡಿಸುತ್ತಿರಿ.

ಪಡುವಣ ಗೋಡೆಗೆ ಬಿಸಿಲು ಹೊರಗೇ ತಡೆಯಬೇಕು. ಒಳಗಿನ ಪರದೆಗಿಂತ ಹೊರಗೆ ಕಟ್ಟಿದ ಬಿದಿರಿನ ಚಾಪೆ ಎಷ್ಟೋ ಮೇಲು. ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಿಬಿಡಬೇಡಿ, ಕಾದ ಕಲ್ಲಿನ ಝಳ ಕಿಟಕಿಗೇ ಬಡಿಯುತ್ತದೆ. ಒಂದಿಷ್ಟು ಮಣ್ಣು ಬಿಟ್ಟು ಬೇವು ಹಚ್ಚಿ.

ಎಸಿ ಇದ್ದವರು 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ, ಬಿಲ್ಲು ಇಳಿಯುತ್ತದೆ. ಮೇಲಿನ ಮಹಡಿಯಲ್ಲಿ ವಯಸ್ಸಾದವರು, ಕೂಸುಗಳು ಮಲಗುತ್ತಿದ್ದರೆ ಏಪ್ರಿಲ್, ಮೇ ಮುಗಿಯುವವರೆಗೆ ಅವರ ಹಾಸಿಗೆ ಕೆಳಗಿನ ಕೋಣೆಗೆ ಇಳಿಸಿ.