ಎಣ್ಣೆ ಜೆಲ್ ಆಗಿದ್ದು ಹೇಗೆ: ನನ್ನ ಅನುಭವ

1 ಗ್ರಾಂ ಖನಿಜ ತೈಲ, 20 ಮಿಲಿಗ್ರಾಂ ಬಿಳಿ ಪುಡಿ. ಕಾಯಿಸಿ ಕರಗಿಸಿ ಆರಿಸಿದರೆ ಇಷ್ಟೇ ಸಾಕು, ಸೀಸೆ ತಲೆಕೆಳಗು ಮಾಡಿದರೂ ಎಣ್ಣೆ ತಳ ಬಿಟ್ಟು ಕದಲುವುದಿಲ್ಲ. ಆ ಪುಡಿ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ. ಹರಳೆಣ್ಣೆಯಿಂದ ತಯಾರಾಗುತ್ತದೆ, ಲಿಥಿಯಂ ಗ್ರೀಸನ್ನು ಗಟ್ಟಿ ಮಾಡುವುದು ಇದರ ಲಿಥಿಯಂ ಲವಣವೇ.

ಮೊದಲ ಸಲ ನನಗೆ ಜೆಲ್ ಸಿಗಲಿಲ್ಲ. ಬಿಗಿ ಮುಚ್ಚಳದ ಸೀಸೆಯನ್ನು 90 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ದ್ರಾವಣ ತಿಳಿಯಾಗುತ್ತಿದ್ದಂತೆ ಕೆಳಗಿಳಿಸಿದ್ದೆ. ಆರಿದಾಗ ಅಲ್ಲಲ್ಲಿ ಬಿಳಿ ಗಂಟು, ನಡುವೆ ಹರಿಯುವ ಎಣ್ಣೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಕರಗದೆ ಉಳಿದಿದ್ದವು, ಹರಳುಗಳು ಅವುಗಳ ಸುತ್ತಲೇ ಬೆಳೆದಿದ್ದವು ಎನ್ನುವುದು ನನ್ನ ತೀರ್ಮಾನ. ಅಂದಿನಿಂದ ತಿಳಿಯಾದ ಮೇಲೂ ಹತ್ತು ನಿಮಿಷ ಬಿಸಿಯಲ್ಲೇ ಇಡುತ್ತೇನೆ.

ಆಮೇಲೆ ಒಂದೇ ದ್ರಾವಣವನ್ನು ಎರಡು ಸೀಸೆಗೆ ಹಂಚಿದೆ. ಒಂದನ್ನು ತಣ್ಣೀರಲ್ಲಿ ಇಳಿಸಿದೆ, ಇನ್ನೊಂದನ್ನು ಸ್ವಿಚ್ ಆಫ್ ಮಾಡಿದ ಹೀಟರಿನ ಮೇಲೆಯೇ ಬಿಟ್ಟೆ. ತಣ್ಣೀರಿನ ಸೀಸೆಯಲ್ಲಿ ಗೋಡೆಯ ಕಡೆಯಿಂದ ತೆಳು ಮಂಜು ಒಳಕ್ಕೆ ಸರಿಯಿತು. ಬೆಳಕಿಗೆ ಹಿಡಿದರೆ ಆಚೆಯ ನನ್ನ ಬೆರಳು ಕಾಣುತ್ತಿತ್ತು. ನಿಧಾನವಾಗಿ ಆರಿದ್ದು ಹಾಲಿನಂತೆ ಬೆಳ್ಳಗಾಯಿತು. ಬೇಗ ತಣಿದರೆ ಆಮ್ಲದ ಹರಳಿನ ಎಳೆಗಳು ಒಮ್ಮೆಗೇ ಸಾವಿರಾರು ಕಡೆ ಹುಟ್ಟುತ್ತವೆ, ಸಣ್ಣಗೆ ಕವಲೊಡೆಯುತ್ತವೆ. ನಿಧಾನವಾದರೆ ಕೆಲವೇ ಎಳೆಗಳು ದಪ್ಪಗೆ ಬೆಳೆದು ಬೆಳಕನ್ನು ಚದುರಿಸುತ್ತವೆ. ಪದಾರ್ಥ ಅದೇ, ಅಳತೆ ಅದೇ, ಜೆಲ್ ಮಾತ್ರ ಬೇರೆ. ಇಡೀ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ಈ ಎಳೆಗಳಲ್ಲಿ ಅಣು ಅಣುವನ್ನು ಹಿಡಿದಿರುವುದು ಹೈಡ್ರೋಜನ್ ಬಂಧ. ಆಮ್ಲದ ತುದಿಗಳು ಜೋಡಿಯಾಗುತ್ತವೆ. ಅಣುವಿನ 12ನೇ ಇಂಗಾಲದಲ್ಲಿರುವ ಹೈಡ್ರಾಕ್ಸಿಲ್‌ಗಳು (OH ಗುಂಪುಗಳು) ಸರಪಳಿಯಂತೆ ಕೈ ಹಿಡಿದು ಎಳೆಯನ್ನು ಉದ್ದಕ್ಕೆ ಒಯ್ಯುತ್ತವೆ. ಆ ಎಳೆಗಳ ಬಲೆಯಲ್ಲಿ ಎಣ್ಣೆ ಸಿಕ್ಕಿಕೊಳ್ಳುತ್ತದೆ. ಎಥೆನಾಲ್‌ನಲ್ಲಿ ಮಾಡಿ ನೋಡಿದೆ: ಪುಡಿ ಕರಗಿತು, ಕರಗಿಯೇ ಉಳಿಯಿತು. ಅಲ್ಲಿ ದ್ರಾವಕವೇ ಆ ಬಂಧಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ತೀರಾ ಚೆನ್ನಾಗಿ ಕರಗಿದರೂ ಜೆಲ್ ಇಲ್ಲ, ಕರಗದಿದ್ದರೂ ಇಲ್ಲ.

ಸೀಸೆ ಬೋರಲು ಹಾಕುವ ಪರೀಕ್ಷೆಯೊಂದನ್ನೇ ನಂಬಬೇಡಿ, ಬಹಳ ಮಂದವಾದ ದ್ರವವೂ ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತದೆ. ಪದಾರ್ಥ ಹರಿಯುವ ಬಗೆಯನ್ನು ಅಳೆಯುವ ರಿಯೋಮೀಟರ್ ಇದ್ದರೆ, ಸಂಗ್ರಹ ಗುಣಾಂಕ (ಘನದಂತೆ ಸೆಟೆದು ನಿಲ್ಲುವ ಗುಣದ ಅಳತೆ) ನಷ್ಟ ಗುಣಾಂಕಕ್ಕಿಂತ (ದ್ರವದಂತೆ ಹರಿಯುವ ಗುಣದ ಅಳತೆ) ಸಾಕಷ್ಟು ಮೇಲಿದೆಯೇ ನೋಡಿ. ನನ್ನಲ್ಲಿ ಇಲ್ಲದಾಗ ಸೀಸೆಯನ್ನು ರಾತ್ರಿಯಿಡೀ ಬೋರಲಾಗಿಯೇ ಇಡುತ್ತಿದ್ದೆ.

ಕೆಟ್ಟ ಜೆಲ್ಲನ್ನು ಎಸೆಯಬೇಕಿಲ್ಲ. ಮತ್ತೆ ಕಾಯಿಸಿದರೆ ಬಲೆ ಬಿಚ್ಚಿ ದ್ರವವಾಗುತ್ತದೆ. ಮೊದಲ ದಿನದ ಆ ಗಂಟು ಕಟ್ಟಿದ ಸೀಸೆಯನ್ನೂ ಹಾಗೆಯೇ ಕಾಯಿಸಿ, ತಣ್ಣೀರಿಗಿಳಿಸಿ ಸರಿಮಾಡಿಕೊಂಡೆ.